ಮೊಣಕಾಲಿನ ಕೆಳಗೆ ನೋಯುವ ಗಂಟುಗಳು: ಎರಿಥೀಮಾ ನೋಡೋಸಮ್‌ನ ಮೂಲ ಪತ್ತೆಹಚ್ಚುವ ಕ್ರಮ

ಮೊಣಕಾಲಿನಿಂದ ಪಾದದವರೆಗೆ, ಎಲುಬು ಕೈಗೆ ಸಿಗುವ ಮುಂಭಾಗದಲ್ಲಿ, ಎರಡೂ ಕಾಲುಗಳಿಗೆ ನಾಲ್ಕಾರು ಗಂಟುಗಳು ಎದ್ದಿರುತ್ತವೆ. ಸೀರೆಯ ನೆರಿಗೆ ತಗುಲಿದರೂ ನೋಯುತ್ತದೆ. ರಾತ್ರಿ ಹೊದಿಕೆಯ ಭಾರವೂ ಬೇಡವೆನಿಸುತ್ತದೆ. ಗಂಟು ಏಳುವುದಕ್ಕೆ ಒಂದೆರಡು ವಾರ ಮೊದಲಿನಿಂದಲೇ ಮೈಕೈ ನೋವು, ಸುಸ್ತು, ಸಣ್ಣ ಜ್ವರ ಇದ್ದದ್ದುಂಟು. ವೈದ್ಯರ ಮುಂದೆ ಬಂದು ಕೂರುವ ಹೊತ್ತಿಗೆ ರೋಗಿಯು ಔಷಧದಂಗಡಿಯಲ್ಲಿ ಕೇಳಿ ತಂದ ಆಂಟಿಬಯಾಟಿಕ್ ಮಾತ್ರೆಗಳನ್ನು ಐದು ದಿನ ನುಂಗಿ ಮುಗಿಸಿರುತ್ತಾರೆ, ಮನೆಯ ಹಿರಿಯರು ನಂಜು ಎಂದು ಬದನೆಕಾಯಿ ಮತ್ತು ಮೀನನ್ನು ಬಿಡಿಸಿರುತ್ತಾರೆ, ಪಕ್ಕದ ಮನೆಯವರು ರಕ್ತ ಕೆಟ್ಟಿದೆ ಎಂದು ತೀರ್ಪು ಕೊಟ್ಟಿರುತ್ತಾರೆ. ಇಷ್ಟಾದರೂ ಹಳೆಯ ಗಂಟು ಆರುವಷ್ಟರಲ್ಲಿ ಪಕ್ಕದಲ್ಲೇ ಹೊಸದೊಂದು ಏಳುತ್ತಿರುತ್ತದೆ.

ಇದಕ್ಕೆ ಎರಿಥೀಮಾ ನೋಡೋಸಮ್ ಎಂದು ಹೆಸರು. ಗಂಟುಗಂಟಾದ ಕೆಂಪು ಎಂದಷ್ಟೇ ಆ ಗ್ರೀಕ್-ಲ್ಯಾಟಿನ್ ಪದಗಳ ಅರ್ಥ. ಚರ್ಮರೋಗಗಳನ್ನು ಮೊದಲ ಬಾರಿಗೆ ವರ್ಗೀಕರಿಸಿದವರಲ್ಲಿ ಒಬ್ಬರಾದ ಇಂಗ್ಲೆಂಡಿನ ರಾಬರ್ಟ್ ವಿಲನ್ ಇದನ್ನು ವರ್ಣಿಸಿ ಇನ್ನೂರು ವರ್ಷಗಳು ಕಳೆದಿವೆ. ಈ ಗಂಟುಗಳನ್ನು ಇಳಿಸುವುದು ಕಷ್ಟದ ಕೆಲಸವಲ್ಲ. ಬಹುಪಾಲು ಸಂದರ್ಭಗಳಲ್ಲಿ ಏನೂ ಮಾಡದಿದ್ದರೂ ಅವು ತಾವಾಗಿಯೇ ಇಳಿಯುತ್ತವೆ. ಕಷ್ಟವಿರುವುದು, ಅವು ಏಕೆ ಎದ್ದವು ಎಂಬುದನ್ನು ಅವು ಇಳಿಯುವ ಮೊದಲೇ ಕಂಡುಹಿಡಿಯುವುದರಲ್ಲಿ. ಆದ್ದರಿಂದ ಈ ಕೈಪಿಡಿಯಲ್ಲಿ ಚಿಕಿತ್ಸೆಗಿಂತ ಹುಡುಕಾಟಕ್ಕೆ ಹೆಚ್ಚು ಜಾಗ ಕೊಡಲಾಗಿದೆ. ರೋಗಿಗಳಿಗೆ ತಮ್ಮ ವೈದ್ಯರು ಇಷ್ಟೊಂದು ಪ್ರಶ್ನೆಗಳನ್ನು ಏಕೆ ಕೇಳುತ್ತಾರೆ ಎಂದು ತಿಳಿಯಲು, ಹೊಸದಾಗಿ ವೃತ್ತಿಗೆ ಬಂದ ವೈದ್ಯರಿಗೆ ಯಾವುದರ ಹಿಂದೆ ಯಾವುದನ್ನು ನೋಡಬೇಕು ಎಂದು ನೆನಪಿಸಲು ಇದು ಉಪಯೋಗಕ್ಕೆ ಬರಬಹುದು. ಇದನ್ನು ಓದಿ ಮನೆಯಲ್ಲೇ ಔಷಧ ಆರಂಭಿಸಲು ಅಲ್ಲ.

ತೊಂದರೆ ಇರುವ ಪದರ ಯಾವುದು

ಚರ್ಮದ ಅಡಿಯಲ್ಲಿ ಕೊಬ್ಬಿನ ಪದರವೊಂದಿದೆ. ಸೀತಾಫಲವನ್ನು ಸೀಳಿದಾಗ ತೊಳೆ ತೊಳೆಯಾಗಿ ಕಾಣುವಂತೆ ಆ ಕೊಬ್ಬು ಸಣ್ಣ ಸಣ್ಣ ತೊಳೆಗಳಾಗಿ ವಿಂಗಡಿಸಿಕೊಂಡಿರುತ್ತದೆ. ತೊಳೆ ಮತ್ತು ತೊಳೆಯ ನಡುವೆ ತೆಳುವಾದ ನಾರಿನ ಗೋಡೆಗಳಿದ್ದು, ರಕ್ತನಾಳಗಳು ಆ ಗೋಡೆಗಳ ಒಳಗೆ ಹರಿಯುತ್ತವೆ. ಎರಿಥೀಮಾ ನೋಡೋಸಮ್‌ನಲ್ಲಿ ಉರಿಯೂತ ಆಗುವುದು ಈ ಗೋಡೆಗಳಲ್ಲಿ. ತೊಳೆಗಳು ಬಹುಮಟ್ಟಿಗೆ ಉಳಿದುಕೊಳ್ಳುತ್ತವೆ, ರಕ್ತನಾಳಗಳೂ ಒಡೆದು ಹಾಳಾಗುವುದಿಲ್ಲ. ಈ ಒಂದು ಸಂಗತಿಯನ್ನು ಮನಸ್ಸಿನಲ್ಲಿ ಇಟ್ಟುಕೊಂಡರೆ ಮುಂದಿನ ಅರ್ಧದಷ್ಟು ಲಕ್ಷಣಗಳು ತಾವಾಗಿ ಅರ್ಥವಾಗುತ್ತವೆ. ಉರಿಯೂತ ಆಳದಲ್ಲಿರುವುದರಿಂದ ಗಂಟಿನ ಅಂಚು ಸ್ಪಷ್ಟವಾಗಿ ಕಾಣುವುದಿಲ್ಲ, ಮೇಲಿನ ಚರ್ಮ ನುಣುಪಾಗಿಯೇ ಇರುತ್ತದೆ. ಕೊಬ್ಬು ಕೊಳೆಯದೆ ಇರುವುದರಿಂದ ಕೀವು ತುಂಬುವುದಿಲ್ಲ, ಹುಣ್ಣಾಗಿ ಒಡೆಯುವುದಿಲ್ಲ, ವಾಸಿಯಾದ ಮೇಲೆ ಕುಳಿಯೂ ಉಳಿಯುವುದಿಲ್ಲ.

ಇದು ಮುಖ್ಯವಾಗಿ ಕಾಲಿನ ಮುಂಭಾಗವನ್ನೇ ಏಕೆ ಆರಿಸಿಕೊಳ್ಳುತ್ತದೆ ಎಂಬ ಪ್ರಶ್ನೆಗೆ ಒಪ್ಪುವಂತಹ ವಿವರಣೆಯೊಂದಿದೆ. ಆ ಜಾಗಕ್ಕೆ ರಕ್ತ ಪೂರೈಕೆ ಸ್ವಲ್ಪ ಕಡಿಮೆ, ದುಗ್ಧರಸ (ಅಂಗಾಂಶಗಳಿಂದ ಬಸಿದು ರಕ್ತಕ್ಕೆ ಮರಳುವ ತಿಳಿದ್ರವ) ಹಿಂದಿರುಗುವ ದಾರಿಯೂ ನಿಧಾನ, ಇಡೀ ದಿನ ನಿಂತವರ ದೇಹದ ದ್ರವವೆಲ್ಲ ಕೆಳಕ್ಕೆ ಇಳಿದಿರುತ್ತದೆ. ಹಿಂಭಾಗದ ಮೀನಖಂಡದಲ್ಲಿ ಸ್ನಾಯುಗಳು ಹಿಂಡಿ ಮೇಲಕ್ಕೆ ತಳ್ಳುವ ಸೌಕರ್ಯ ಮುಂಭಾಗದ ಎಲುಬಿನ ಮೇಲಿನ ಚರ್ಮಕ್ಕೆ ಇಲ್ಲ. ದೇಹದಲ್ಲಿ ಎಲ್ಲೋ ನಡೆಯುತ್ತಿರುವ ಸೋಂಕಿಗೆ, ಔಷಧಕ್ಕೆ ಅಥವಾ ಇನ್ನೊಂದು ಕಾಯಿಲೆಗೆ ರೋಗನಿರೋಧಕ ವ್ಯವಸ್ಥೆ ತೋರುವ ಪ್ರತಿಕ್ರಿಯೆಯ ಅವಶೇಷಗಳು ಹರಿವು ಮಂದವಾಗಿರುವ ಇಂಥ ಜಾಗದಲ್ಲಿ ತಂಗುತ್ತವೆ. ಮಲೆನಾಡಿನಲ್ಲಿ ಸುರಿದ ಮಳೆಯ ಕೆಸರು ಬಯಲುಸೀಮೆಯ ಕೆರೆಯ ತಳದಲ್ಲಿ ಕೂರುವ ಹಾಗೆ ಎನ್ನಬಹುದು. ಕೆರೆಯನ್ನು ಎಷ್ಟು ಪರೀಕ್ಷಿಸಿದರೂ ಮಳೆ ಎಲ್ಲಿ ಬಿದ್ದಿತೆಂದು ತಿಳಿಯದು.

ಮೊದಲು ಕೈಯಿಂದ ಮುಟ್ಟಿ ನೋಡಬೇಕು

ಪಠ್ಯಪುಸ್ತಕಗಳ ಚಿತ್ರಗಳಲ್ಲಿ ಈ ಗಂಟುಗಳು ಟೊಮೆಟೊ ಬಣ್ಣದಲ್ಲಿ ಹೊಳೆಯುತ್ತವೆ. ಆ ಚಿತ್ರಗಳು ಬಿಳಿಯ ಚರ್ಮದವು. ನಮ್ಮ ಕಡೆಯ ಕಂದು ಮತ್ತು ಕಪ್ಪು ಚರ್ಮದಲ್ಲಿ ಕೆಂಪು ಎನ್ನುವುದು ಬಹಳ ಸಲ ಕಾಣುವುದೇ ಇಲ್ಲ. ನೇರಳೆ ಛಾಯೆಯೋ, ಸ್ವಲ್ಪ ಗಾಢವಾದ ಕಂದೋ, ಅಥವಾ ಬಣ್ಣದಲ್ಲಿ ಯಾವ ವ್ಯತ್ಯಾಸವೂ ಇಲ್ಲದ ಉಬ್ಬೋ ಇರುತ್ತದೆ. ಆದ್ದರಿಂದ ಕಣ್ಣನ್ನು ನಂಬಿ ಕೂರದೆ ಅಂಗೈಯ ಹಿಂಭಾಗವನ್ನು ಕಾಲಿನ ಮೇಲೆ ಮೆಲ್ಲಗೆ ಸರಿಸಬೇಕು: ಎಲ್ಲಿ ಬಿಸಿ ತಟ್ಟುತ್ತದೆಯೋ ಅಲ್ಲಿ ಬೆರಳ ತುದಿಯಿಂದ ಒತ್ತಬೇಕು. ರೋಗಿ ಕಾಲನ್ನು ಸೆಳೆದುಕೊಂಡರೆ, ಬೆರಳಿನ ಅಡಿಯಲ್ಲಿ 1ರಿಂದ 5 ಸೆಂಟಿಮೀಟರ್ ಅಗಲದ ಗಟ್ಟಿ ಪದಾರ್ಥವೊಂದು ಚರ್ಮದ ಕೆಳಗೆ ಸಿಕ್ಕರೆ, ಅದೇ ರೀತಿಯದು ಇನ್ನೊಂದು ಕಾಲಿನಲ್ಲೂ ಇದ್ದರೆ, ನಾವು ಸರಿಯಾದ ದಾರಿಯಲ್ಲಿದ್ದೇವೆ. ಬಿಸಿಲು ಬೀಳುವ ಕಿಟಕಿಯ ಪಕ್ಕದಲ್ಲಿ, ಕಾಲಿಗೆ ಬೆಳಕು ಓರೆಯಾಗಿ ಬೀಳುವಂತೆ ಕೂರಿಸಿ ನೋಡಿದರೆ ಟ್ಯೂಬ್‌ಲೈಟಿನಲ್ಲಿ ಕಾಣದ ಉಬ್ಬುಗಳು ನೆರಳಿನಿಂದ ಎದ್ದು ಕಾಣುತ್ತವೆ.

ಎರಡನೆಯ ಗುರುತು ಕಾಲ ಕಳೆದಂತೆ ತೆರೆದುಕೊಳ್ಳುತ್ತದೆ. ಒಂದೊಂದು ಗಂಟೂ ಸುಮಾರು ಎರಡು ವಾರ ಇದ್ದು, ಪೆಟ್ಟು ಬಿದ್ದು ಕಂದಿದ ಗಾಯದ ಹಾಗೆ ನೀಲಿ, ಹಸಿರು, ಹಳದಿ ಛಾಯೆಗಳಿಗೆ ತಿರುಗಿ ಮಾಯವಾಗುತ್ತದೆ. ಇದನ್ನು ಕಂಡ ಮನೆಯವರು ಎಲ್ಲಿ ಬಿದ್ದೆ ಎಂದು ಕೇಳುವುದೂ, ಒಂಟಿಯಾಗಿ ಬಂದ ಹೆಣ್ಣುಮಗಳನ್ನು ಮನೆಯಲ್ಲಿ ಯಾರಾದರೂ ಹೊಡೆದರೇ ಎಂದು ವೈದ್ಯರು ಕೇಳಬೇಕಾಗುವುದೂ ಸಹಜವೇ. ಎರಡನೆಯ ಪ್ರಶ್ನೆಯನ್ನು ಕೇಳಿಯೇ ಮುಂದೆ ಹೋಗುವುದು ಒಳ್ಳೆಯದು ಎಂಬುದು ನನ್ನ ಅಭಿಪ್ರಾಯ.

ಯಾರಿಗೆ ಬರುತ್ತದೆ ಎಂದರೆ, ಹೆಚ್ಚಾಗಿ 20ರಿಂದ 40ರ ವಯಸ್ಸಿನವರಿಗೆ, ಗಂಡಸರಿಗಿಂತ ಹೆಂಗಸರಿಗೆ ಮೂರರಿಂದ ಆರು ಪಟ್ಟು ಹೆಚ್ಚು. ಮಕ್ಕಳಲ್ಲಿ ಈ ವ್ಯತ್ಯಾಸವಿಲ್ಲ.

ಇದರಂತೆ ಕಂಡು ಇದಲ್ಲದವು

ಒಂದೇ ಕಾಲು, ಹರಡುತ್ತಿರುವ ಬಿಸಿ ಬಾವು, ಚಳಿಜ್ವರ, ಬೆರಳುಗಳ ಸಂದಿಯಲ್ಲಿ ಬಿರುಕು ಇವಿಷ್ಟಿದ್ದರೆ ಅದು ಬ್ಯಾಕ್ಟೀರಿಯಾದಿಂದ ಚರ್ಮಕ್ಕೆ ತಗಲುವ ಸೆಲ್ಯುಲೈಟಿಸ್ ಎಂಬ ಸೋಂಕು ಆಗಿರುವ ಸಂಭವ ಹೆಚ್ಚು. ಅದಕ್ಕೆ ಆಂಟಿಬಯಾಟಿಕ್ ತಡಮಾಡದೆ ಬೇಕು. ಒಂದೇ ಕಾಲಿನ ಮೀನಖಂಡ ಇಡಿಯಾಗಿ ಊದಿಕೊಂಡು ನೋಯುತ್ತಿದ್ದರೆ ಆಳದ ರಕ್ತನಾಳದಲ್ಲಿ ಹೆಪ್ಪುಗಟ್ಟಿದೆಯೇ ಎಂದು ಅದೇ ದಿನ ಡಾಪ್ಲರ್ (ರಕ್ತದ ಹರಿವು ನೋಡುವ ಸ್ಕ್ಯಾನ್) ಮಾಡಿಸಬೇಕು. ಗಂಟು ದುಂಡಗಿರದೆ ಹಗ್ಗದಂತೆ ಉದ್ದಕ್ಕೆ ಸಾಗಿದ್ದರೆ ಅದು ಮೇಲ್ಪದರದ ಅಭಿಧಮನಿಯ ಉರಿಯೂತ. ಆನೆಕಾಲು ರೋಗ ಇದ್ದ ಕರಾವಳಿ ಮತ್ತು ಕಲಬುರಗಿ ಕಡೆಯವರಲ್ಲಿ ತೊಡೆಸಂದಿಯಿಂದ ಕೆಳಕ್ಕೆ ಕೆಂಪುಗೆರೆ ಎಳೆದಂತೆ ಜ್ವರದೊಂದಿಗೆ ಬರುವ ನೋವಿನ ದಾರಿಯೇ ಬೇರೆ.

ಹೆಚ್ಚು ಎಚ್ಚರ ಬೇಕಾದದ್ದು ಬಾಜಿನ್ ಎಂಬ ಫ್ರೆಂಚ್ ವೈದ್ಯರ ಹೆಸರಿನಲ್ಲಿ ಗುರುತಿಸುವ ಎರಿಥೀಮಾ ಇಂಡ್ಯುರೇಟಮ್ ವಿಷಯದಲ್ಲಿ. ಇಲ್ಲಿಯೂ ಹೆಂಗಸರೇ ಹೆಚ್ಚು, ಇಲ್ಲಿಯೂ ಗಂಟೇ, ಆದರೆ ಜಾಗ ಕಾಲಿನ ಹಿಂಭಾಗ. ಉರಿಯೂತ ಕೊಬ್ಬಿನ ತೊಳೆಗಳಿಗೇ ಇಳಿದು ರಕ್ತನಾಳಗಳನ್ನೂ ಕೆಡಿಸುವುದರಿಂದ ಗಂಟು ಒಡೆದು ಹುಣ್ಣಾಗುತ್ತದೆ, ಮಾಯ್ದ ಮೇಲೆ ಕುಳಿಬಿದ್ದ ಕಲೆ ಉಳಿಯುತ್ತದೆ, ತಿಂಗಳುಗಟ್ಟಲೆ ಬಂದು ಹೋಗುತ್ತಿರುತ್ತದೆ. ನಮ್ಮಂಥ ದೇಶದಲ್ಲಿ ಇದರ ಹಿಂದೆ ಕ್ಷಯ ಅಡಗಿರುವುದು ಸಾಮಾನ್ಯ, ಮತ್ತು ಕ್ಷಯದ ಪೂರ್ಣ ಚಿಕಿತ್ಸೆ ಕೊಟ್ಟಾಗ ವರ್ಷಗಳ ಹುಣ್ಣು ಒಣಗಿದ್ದನ್ನು ಕಾಣಬಹುದು. ಹಾಗಾಗಿ ರೋಗಿಯನ್ನು ಕುರ್ಚಿಯಲ್ಲಿ ಕೂರಿಸಿಕೊಂಡೇ ಪರೀಕ್ಷೆ ಮುಗಿಸಬಾರದು. ಬೋರಲಾಗಿ ಮಲಗಿಸಿ ಮೀನಖಂಡವನ್ನು ನೋಡಲೇಬೇಕು. ಐದು ನಿಮಿಷದ ಈ ಕೆಲಸ ಬಿಟ್ಟುಹೋಗುವುದು ಹೊರರೋಗಿ ವಿಭಾಗದ ನೂಕುನುಗ್ಗಲಿನಲ್ಲಿ ಎಷ್ಟು ಸುಲಭ ಎಂಬುದು ಅಲ್ಲಿ ಕುಳಿತವರಿಗೆ ಗೊತ್ತು.

ಹೆಸರು ಒಂದೇ, ರೋಗ ಬೇರೆ

ಕನ್ನಡ ನಾಡಿನಲ್ಲಿ, ವಿಶೇಷವಾಗಿ ಕುಷ್ಠರೋಗ ಇನ್ನೂ ಪತ್ತೆಯಾಗುತ್ತಿರುವ ಜಿಲ್ಲೆಗಳಲ್ಲಿ, ಈ ಕೈಪಿಡಿಯ ಅತಿ ಮುಖ್ಯ ಹೆಜ್ಜೆ ಇದೇ. ಎರಿಥೀಮಾ ನೋಡೋಸಮ್ ಲೆಪ್ರೋಸಮ್ ಎಂಬುದು ಹೆಸರಿನಲ್ಲಿ ಇದರ ತಂಗಿಯಂತೆ ಕಂಡರೂ ಅದು ಬೇರೆಯದೇ ರೋಗ. ದೇಹದಲ್ಲಿ ಕುಷ್ಠದ ರೋಗಾಣುಗಳು ದಂಡಿಯಾಗಿರುವ ರೋಗಿಗಳಲ್ಲಿ, ಆ ರೋಗಾಣುಗಳ ವಿರುದ್ಧ ನಡೆಯುವ ಪ್ರತಿಕ್ರಿಯೆ ಅದು. ವೈದ್ಯರು ಎರಡನೆಯ ಬಗೆಯ ರಿಯಾಕ್ಷನ್ ಎನ್ನುತ್ತಾರೆ. ಚಿಕಿತ್ಸೆಗೆ ಮೊದಲೂ ಬರಬಹುದು, ನಡುವೆಯೂ ಬರಬಹುದು, 12 ತಿಂಗಳ ಬಹುಔಷಧ ಚಿಕಿತ್ಸೆ ಮುಗಿದು ವರ್ಷಗಳಾದ ಮೇಲೂ ಬರಬಹುದು.

ವ್ಯತ್ಯಾಸಗಳು ಕೈಗೆಟಕುವಂಥವು. ಇದರ ಗಂಟುಗಳು ಮುಖ, ತೋಳು, ತೊಡೆ ಎಲ್ಲೆಂದರಲ್ಲಿ ಸಾಲಾಗಿ ಏಳುತ್ತವೆ, ಒಂದೊಂದು ಗಂಟು ಕೆಲವೇ ದಿನ ಇದ್ದು ಆರುತ್ತದೆ, ಹಿಂದೆಯೇ ಇನ್ನೊಂದು ಗುಂಪು ಬರುತ್ತದೆ, ತೀವ್ರವಾದರೆ ಹುಣ್ಣಾಗುತ್ತವೆ. ಜ್ವರದ ಜೊತೆಗೆ ಕಣ್ಣು ಕೆಂಪಾಗಿ ನೋಯುವುದು, ವೃಷಣ ಊದುವುದು, ಮೊಣಕೈ ಒಳಭಾಗದ ನರ ದಪ್ಪಗಾಗಿ ಮುಟ್ಟಿದರೆ ಕರೆಂಟ್ ಹೊಡೆದಂತಾಗುವುದು ಇರುತ್ತದೆ. ಆದ್ದರಿಂದ ನೋಯುವ ಗಂಟು ಕಂಡ ಪ್ರತಿಯೊಬ್ಬರ ಕಿವಿಯ ಹಾಲೆಯನ್ನು ಎರಡು ಬೆರಳಲ್ಲಿ ಹಿಡಿದು ದಪ್ಪಗಾಗಿದೆಯೇ ನೋಡಬೇಕು, ಹುಬ್ಬಿನ ಹೊರತುದಿಯ ಕೂದಲು ಉದುರಿದೆಯೇ ನೋಡಬೇಕು, ಅಂಗೈ ಅಂಗಾಲಿನಲ್ಲಿ ಸ್ಪರ್ಶ ತಿಳಿಯುತ್ತದೆಯೇ ಎಂದು ಬಾಲ್‌ಪೆನ್ನಿನ ತುದಿಯಿಂದ ಕಣ್ಣು ಮುಚ್ಚಿಸಿ ಕೇಳಬೇಕು. ಅನುಮಾನ ಬಂದರೆ ರೋಗಾಣು ಇದೆಯೇ ಎಂದು ಸೂಕ್ಷ್ಮದರ್ಶಕದಲ್ಲಿ ನೋಡಲು ಕಿವಿಹಾಲೆಯಿಂದ ಚರ್ಮದ ಸ್ಮಿಯರ್ ತೆಗೆಸುವುದು ಸರ್ಕಾರಿ ಆಸ್ಪತ್ರೆಯಲ್ಲೇ ಆಗುವ ಕೆಲಸ.

ಭಾರತವು ಕುಷ್ಠವನ್ನು ರಾಷ್ಟ್ರ ಮಟ್ಟದಲ್ಲಿ ಸಾರ್ವಜನಿಕ ಆರೋಗ್ಯ ಸಮಸ್ಯೆಯ ಪಟ್ಟಿಯಿಂದ ಹೊರಗಿಟ್ಟಿತೆಂದು 2005ರ ಡಿಸೆಂಬರ್‌ನಲ್ಲಿ ಸಾರಲಾಯಿತು. ಹತ್ತು ಸಾವಿರ ಜನರಿಗೆ ಒಬ್ಬ ರೋಗಿಗಿಂತ ಕಡಿಮೆ ಎಂಬುದು ಅದರ ಅರ್ಥವೇ ಹೊರತು ರೋಗವೇ ಇಲ್ಲ ಎಂದಲ್ಲ. ಜಗತ್ತಿನ ಹೊಸ ಕುಷ್ಠ ರೋಗಿಗಳಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಈಗಲೂ ಭಾರತದಲ್ಲೇ ಪತ್ತೆಯಾಗುತ್ತಾರೆ. ಆ ಘೋಷಣೆಯ ನಂತರ ಓದಿದ ಯುವ ವೈದ್ಯರಿಗೆ ಈ ರೋಗ ನೆನಪಿಗೇ ಬರುವುದಿಲ್ಲ, ತೊಂದರೆಯಾಗುವುದು ಅಲ್ಲಿ.

ರೋಗಿಗಳು ಮಾಡುವ ತಪ್ಪೂ ಒಂದಿದೆ. ಕುಷ್ಠದ ಮಾತ್ರೆ ನುಂಗುತ್ತಿರುವಾಗ ಗಂಟು ಎದ್ದರೆ, ಮಾತ್ರೆಯೇ ಮೈಗೆ ಒಗ್ಗಲಿಲ್ಲ ಎಂದು ನಿಲ್ಲಿಸಿಬಿಡುತ್ತಾರೆ. ನಿಲ್ಲಿಸಬಾರದು, ಬಹುಔಷಧ ಚಿಕಿತ್ಸೆಯನ್ನು ಮುಂದುವರಿಸಿಕೊಂಡೇ ಪ್ರತಿಕ್ರಿಯೆಗೆ ಬೇರೆ ಔಷಧ ಕೊಡಲಾಗುತ್ತದೆ. ನರ ಅಥವಾ ಕಣ್ಣಿಗೆ ತೊಂದರೆಯಿದ್ದರೆ ಪ್ರೆಡ್ನಿಸೊಲೋನ್ ಎಂಬ ಸ್ಟೀರಾಯ್ಡ್ ತುರ್ತಾಗಿ ಬೇಕು. ಥ್ಯಾಲಿಡೊಮೈಡ್ ಕಥೆ ಇಲ್ಲಿಗೆ ಸಂಬಂಧಿಸಿದ್ದೇ. ಹುಟ್ಟುವ ಮಕ್ಕಳ ಕೈಕಾಲುಗಳನ್ನು ಊನಗೊಳಿಸಿ 1961ರಲ್ಲಿ ಮಾರುಕಟ್ಟೆಯಿಂದ ಹೊರಬಿದ್ದ ಈ ಔಷಧವನ್ನು, 1964ರಲ್ಲಿ ಜೆರುಸಲೇಮಿನ ವೈದ್ಯ ಜೇಕಬ್ ಶೆಸ್ಕಿನ್ ನೋವಿನಿಂದ ನಿದ್ದೆಯೇ ಬಾರದ ಕುಷ್ಠ ರೋಗಿಗೆ ನಿದ್ದೆಯ ಗುಳಿಗೆಯಾಗಿ ಕೊಟ್ಟರು. ನಿದ್ದೆಯೂ ಬಂತು, ಗಂಟುಗಳೂ ಇಳಿದವು. ಇಂದಿಗೂ ಅದು ಈ ಪ್ರತಿಕ್ರಿಯೆಗೆ ಬಲವಾದ ಔಷಧ, ಆದರೆ ಗರ್ಭ ಧರಿಸಬಹುದಾದವರಿಗೆ ಕಟ್ಟುನಿಟ್ಟಿನ ನಿರ್ಬಂಧಗಳಿಲ್ಲದೆ ಕೊಡುವಂತಿಲ್ಲ.

ಕೇಳಬೇಕಾದ ಪ್ರಶ್ನೆ, ಕೇಳಬೇಕಾದ ರೀತಿ

ಇದು ನಿಜವಾದ ಎರಿಥೀಮಾ ನೋಡೋಸಮ್ ಎಂದು ಒಪ್ಪಿಕೊಂಡ ಮೇಲೆ ಮೂಲದ ಹುಡುಕಾಟ ಶುರು. ಸುಮಾರು ಮೂರನೇ ಒಂದರಿಂದ ಅರ್ಧದಷ್ಟು ರೋಗಿಗಳಲ್ಲಿ ಎಷ್ಟು ಹುಡುಕಿದರೂ ಏನೂ ಸಿಗುವುದಿಲ್ಲ ಎಂಬುದನ್ನು ರೋಗಿಗೆ ಮೊದಲೇ ಹೇಳಿಬಿಡುವುದು ಒಳಿತು. ಸಿಗುವವರಲ್ಲಿ ಮೊದಲ ಸ್ಥಾನ ಗಂಟಲಿಗೆ ತಗಲುವ ಸ್ಟ್ರೆಪ್ಟೊಕಾಕಸ್ ಎಂಬ ಬ್ಯಾಕ್ಟೀರಿಯಾದ ಸೋಂಕಿಗೆ. ಗಂಟಲು ನೋವು ಬಂದು ಹೋಗಿ ಎರಡು ಮೂರು ವಾರಗಳಾದ ಮೇಲೆ ಗಂಟು ಏಳುವುದರಿಂದ ರೋಗಿ ಎರಡನ್ನೂ ಜೋಡಿಸಿ ನೋಡಿರುವುದಿಲ್ಲ.

ತುಮಕೂರು ಕಡೆಯ ಅಂಗನವಾಡಿ ಕಾರ್ಯಕರ್ತೆಯೊಬ್ಬರು, ವಯಸ್ಸು ಮೂವತ್ತರ ಆಸುಪಾಸು, ಏಪ್ರಿಲ್ ಮೊದಲ ವಾರದಲ್ಲಿ ಬಂದಿದ್ದರು. ಎರಡೂ ಕಾಲಿಗೆ ಸೇರಿ ಏಳು ಗಂಟುಗಳು. "ಈಚೆಗೆ ಗಂಟಲು ನೋವು ಬಂದಿತ್ತೇನಮ್ಮ?" ಎಂದರೆ "ಇಲ್ಲ ಡಾಕ್ಟ್ರೇ" ಎಂದರು. ಜ್ವರ? ಇಲ್ಲ. ಮಾತ್ರೆ? ಇಲ್ಲ. ಬರೆಯುವುದನ್ನು ನಿಲ್ಲಿಸಿ, ಯುಗಾದಿ ಹೇಗಾಯಿತು, ಊರಿಗೆ ಹೋಗಿದ್ದಿರಾ ಎಂದು ಕೇಳಿದಾಗ ಅವರೇ ಹೇಳತೊಡಗಿದರು: ಹಬ್ಬಕ್ಕೆ ಮೂರು ದಿನ ಮೊದಲು ಅಂಗನವಾಡಿಯ ಮಕ್ಕಳಿಗೆಲ್ಲ ಜ್ವರ ಬಂದಿತ್ತು, ಹಬ್ಬದ ದಿನ ಒಬ್ಬಟ್ಟು ಬಾಯಿಗಿಟ್ಟರೆ ನುಂಗಲಾಗಲಿಲ್ಲ, ಉಗುಳು ನುಂಗಿದರೂ ಕಿವಿಯವರೆಗೆ ನೋವು, ಬಿಸಿನೀರು ಕುಡಿದು ಸುಧಾರಿಸಿಕೊಂಡೆ, ಅದನ್ನೆಲ್ಲ ಯಾರು ಲೆಕ್ಕ ಇಡ್ತಾರೆ ಡಾಕ್ಟ್ರೇ. ದಿನಗಳನ್ನು ಎಣಿಸಿದರೆ ಸರಿಯಾಗಿ ಹದಿನೆಂಟು. ನಮ್ಮ ಜನರ ನೆನಪು ತಾರೀಖಿನ ಮೇಲೆ ನಡೆಯುವುದಿಲ್ಲ. ಹಬ್ಬ, ಜಾತ್ರೆ, ಮದುವೆ, ಬಿತ್ತನೆಗಳ ಮೇಲೆ ನಡೆಯುತ್ತದೆ. ಪ್ರಶ್ನೆಯೂ ಅದೇ ಲೆಕ್ಕದಲ್ಲಿ ಇರಬೇಕು.

ಔಷಧದ ವಿಷಯದಲ್ಲೂ ಇದೇ ಪಾಠ. ಗರ್ಭನಿರೋಧಕ ಗುಳಿಗೆ ಮತ್ತು ಸಲ್ಫಾ ಗುಂಪಿನ ಮಾತ್ರೆಗಳು ಈ ಗಂಟುಗಳಿಗೆ ಕಾರಣವಾಗುವುದು ಚೆನ್ನಾಗಿ ಗೊತ್ತಿರುವ ಸಂಗತಿ. ಆದರೆ ಯಾವ ಔಷಧ ತೆಗೆದುಕೊಳ್ಳುತ್ತೀರಿ ಎಂದು ಕೇಳಿದರೆ ಗರ್ಭನಿರೋಧಕವನ್ನು ಯಾರೂ ಹೇಳುವುದಿಲ್ಲ, ಏಕೆಂದರೆ ಅವರ ಪಾಲಿಗೆ ಅದು ಕಾಯಿಲೆಯ ಔಷಧವಲ್ಲ. ಅತ್ತೆಯೋ ಗಂಡನೋ ಪಕ್ಕದಲ್ಲಿ ನಿಂತಿದ್ದರೆ ಹೇಳುವ ಮಾತೇ ಇಲ್ಲ. ಮುಟ್ಟು ಮುಂದೂಡಲು ಪೂಜೆಗೋ ಯಾತ್ರೆಗೋ ಮುನ್ನ ನುಂಗಿದ ಮಾತ್ರೆಯೂ ಹಾರ್ಮೋನೇ ಎಂಬುದು ಅವರಿಗೆ ತಿಳಿದಿರುವುದಿಲ್ಲ, ಆದ್ದರಿಂದ ಅದನ್ನೂ ಹೆಸರಿಟ್ಟು ಕೇಳಬೇಕು. ಗರ್ಭಧಾರಣೆಯೇ ಒಂದು ಕಾರಣವಾಗಬಹುದಾದ್ದರಿಂದ ಮುಟ್ಟು ನಿಂತಿದೆಯೇ ಎಂಬುದನ್ನೂ ಆಗಲೇ ಕೇಳಿ ಮುಗಿಸಬೇಕು.

ಉಳಿದವು ಬೇಗ ಮುಗಿಯುತ್ತವೆ. ಎರಡು ವಾರ ಮೀರಿದ ಕೆಮ್ಮು, ಸಂಜೆಯ ಜ್ವರ, ತೂಕ ಇಳಿದಿರುವುದು, ಮನೆಯಲ್ಲಿ ಯಾರಿಗಾದರೂ ಟಿಬಿ ಚಿಕಿತ್ಸೆ ನಡೆಯುತ್ತಿರುವುದು ಕ್ಷಯದ ಕಡೆಗೆ ಬೆರಳು ತೋರುತ್ತವೆ. ರಕ್ತ ಬೆರೆತ ಭೇದಿ, ವಾರಗಟ್ಟಲೆ ಹೊಟ್ಟೆನೋವು ಇದ್ದರೆ ಕರುಳಿನ ಉರಿಯೂತವಾದ ಕ್ರೋನ್ಸ್ ಅಥವಾ ಅಲ್ಸರೇಟಿವ್ ಕೊಲೈಟಿಸ್ ಇರಬಹುದು; ಕರುಳು ಕೆರಳಿದಾಗ ಗಂಟೂ ಕೆರಳುತ್ತದೆ, ಕರುಳು ತಣಿದರೆ ಗಂಟೂ ತಣಿಯುತ್ತದೆ. ಬಾಯಲ್ಲಿ ಪದೇಪದೇ ಹುಣ್ಣು, ಜನನಾಂಗದಲ್ಲೂ ಹುಣ್ಣು, ಕಣ್ಣಿನ ತೊಂದರೆ ಮೂರೂ ಸೇರಿದರೆ ರಕ್ತನಾಳಗಳ ಉರಿಯೂತವಾದ ಬೆಹ್ಚೆಟ್ ಕಾಯಿಲೆಯನ್ನು ನೆನೆಯಬೇಕು. ಅಮೆರಿಕದ ಅರಿಜೋನಾದಲ್ಲೋ ಕ್ಯಾಲಿಫೋರ್ನಿಯಾದ ಒಣ ಕಣಿವೆಗಳಲ್ಲೋ ಕೆಲಸದಲ್ಲಿರುವ ಮಗಳ ಮನೆಗೆ ಹೋಗಿ ಬಂದ ತಾಯಿಗೆ ಹೀಗೆ ಗಂಟುಗಳೆದ್ದರೆ, ಅಲ್ಲಿನ ಮಣ್ಣಿನ ಧೂಳಿನಲ್ಲಿರುವ ಶಿಲೀಂಧ್ರದಿಂದ ಬರುವ ವ್ಯಾಲಿ ಫೀವರ್ ಇಲ್ಲಿನ ವೈದ್ಯರಿಗೆ ಹೊಳೆಯುವುದಿಲ್ಲ. ಪ್ರಯಾಣದ ವಿಷಯವನ್ನು ರೋಗಿಯೇ ತಾನಾಗಿ ಹೇಳಬೇಕಾಗುತ್ತದೆ.

ಪರೀಕ್ಷೆಗಳ ಸರದಿ ಮತ್ತು ಅವುಗಳ ಮೋಸ

ಮೊದಲ ದಿನ ಬೇಕಾದವು ಹೆಚ್ಚಿಲ್ಲ: ಪೂರ್ಣ ರಕ್ತಕಣ ಎಣಿಕೆ, ಉರಿಯೂತವನ್ನು ಅಳೆಯುವ ಇಎಸ್ಆರ್ ಅಥವಾ ಸಿಆರ್‌ಪಿ, ಗಂಟಲಿನ ಸ್ವಾಬ್, ಸ್ಟ್ರೆಪ್ಟೊಕಾಕಸ್ ಸೋಂಕಾಗಿತ್ತೇ ಎಂದು ರಕ್ತದಲ್ಲಿ ನೋಡುವ ಎಎಸ್ಒ ಮಟ್ಟ, ಎದೆಯ ಎಕ್ಸ್-ರೇ, ಕ್ಷಯದ ಸೋಂಕಿಗಾಗಿ ಚರ್ಮದಲ್ಲಿ ಚುಚ್ಚಿ ನೋಡುವ ಮಾಂಟೂ ಪರೀಕ್ಷೆ, ಅಗತ್ಯವಿದ್ದವರಿಗೆ ಗರ್ಭಪರೀಕ್ಷೆ. ಭೇದಿ ಇದ್ದವರಿಗೆ ಮಲಪರೀಕ್ಷೆ ಸೇರಿಸಬೇಕು. ಇಎಸ್ಆರ್ ಏರಿರುವುದು ಸಾಮಾನ್ಯ. ಅದು ಉರಿಯೂತವಿದೆ ಎನ್ನುತ್ತದೆ, ಎಲ್ಲಿಂದ ಎನ್ನುವುದಿಲ್ಲ.

ಎಎಸ್ಒ ಒಂದೇ ಸಲ ನೋಡಿ ತೀರ್ಮಾನಿಸುವುದು ತಪ್ಪು. ಹಳೆಯ ಸೋಂಕಿನ ಗುರುತಾಗಿ ಅದು ಸ್ವಲ್ಪ ಏರಿಯೇ ಇರುವವರು ನಮ್ಮಲ್ಲಿ ಎಷ್ಟೋ ಮಂದಿ. ಎರಡರಿಂದ ನಾಲ್ಕು ವಾರ ಬಿಟ್ಟು ಇನ್ನೊಮ್ಮೆ ಮಾಡಿಸಿ, ಎರಡು ಅಂಕಿಗಳ ನಡುವಿನ ಏರಿಳಿತ ನೋಡಿದಾಗ ಮಾತ್ರ ಅದಕ್ಕೆ ಅರ್ಥ ಬರುತ್ತದೆ. ಅಂಗನವಾಡಿ ಕಾರ್ಯಕರ್ತೆಯ ಮೊದಲ ಎಎಸ್ಒ ಅನುಮಾನದ ಅಂಚಿನಲ್ಲಿತ್ತು. ಮೂರು ವಾರಗಳ ನಂತರದ್ದು ಅದರ ಎರಡು ಪಟ್ಟಾಗಿತ್ತು.

ಮಾಂಟೂ ಇನ್ನೂ ದೊಡ್ಡ ಬಲೆ. ಮುಂಗೈಯಲ್ಲಿ ಚುಚ್ಚಿದ 48ರಿಂದ 72 ಗಂಟೆಗಳ ನಂತರ ಕೆಂಪನ್ನಲ್ಲ, ಗಟ್ಟಿಯಾದ ಉಬ್ಬನ್ನು ಅಳೆಯಬೇಕು ಎಂಬುದನ್ನೇ ಕೆಲವು ಪ್ರಯೋಗಾಲಯಗಳು ಮರೆಯುತ್ತವೆ. ಸರಿಯಾಗಿ ಅಳೆದು 10 ಮಿಲಿಮೀಟರ್ ದಾಟಿದರೂ, ಹುಟ್ಟಿದಾಗಲೇ ಕ್ಷಯದ ಲಸಿಕೆಯಾದ ಬಿಸಿಜಿ ಹಾಕಿಸಿಕೊಂಡು ಕ್ಷಯದ ರೋಗಾಣುಗಳ ನಡುವೆಯೇ ಬೆಳೆದ ಈ ದೇಶದ ವಯಸ್ಕರಲ್ಲಿ ಅದೊಂದರಿಂದ ರೋಗವಿದೆ ಎನ್ನಲಾಗದು. ಕೇವಲ ಮಾಂಟೂ ನೋಡಿ ಆರು ತಿಂಗಳ ಕ್ಷಯದ ಮಾತ್ರೆ ಆರಂಭಿಸಿದ್ದನ್ನು ಕಂಡಿದ್ದೇನೆ. ಗಂಟು ಆರು ವಾರಗಳಲ್ಲಿ ಹೇಗೂ ಇಳಿಯುತ್ತಿತ್ತು, ಇಳಿಸಿದ ಹೆಸರು ಮಾತ್ರೆಗೆ ಬಂತು. ಇನ್ನೊಂದೆಡೆ, ಉಬ್ಬು ತುಂಬ ದೊಡ್ಡದಾಗಿ ಮೇಲೆ ಗುಳ್ಳೆಯೂ ಎದ್ದರೆ, ಅದರಲ್ಲೂ ಮಕ್ಕಳಲ್ಲಿ, ಹೊಸ ಕ್ಷಯ ಸೋಂಕನ್ನು ಹುಡುಕದೆ ಬಿಡಬಾರದು. ಕಫ ಸಿಕ್ಕರೆ ಅದರಲ್ಲಿ ಕ್ಷಯದ ರೋಗಾಣುವಿನ ವಂಶವಾಹಿಯನ್ನು ಹುಡುಕುವ ಸಿಬಿನ್ಯಾಟ್ ಪರೀಕ್ಷೆ ಸರ್ಕಾರಿ ಕೇಂದ್ರಗಳಲ್ಲಿ ಉಚಿತವಾಗಿ ಆಗುತ್ತದೆ.

ಎದೆಯ ಎಕ್ಸ್-ರೇಯಲ್ಲಿ ಎರಡೂ ಕಡೆ ಶ್ವಾಸಕೋಶದ ಬುಡದ ದುಗ್ಧಗ್ರಂಥಿಗಳು ಸಮನಾಗಿ ಉಬ್ಬಿದ್ದು, ಜೊತೆಗೆ ಪಾದದ ಕೀಲುಗಳ ಬಾವು ಮತ್ತು ಜ್ವರ ಇದ್ದರೆ ಅದು ಸಾರ್ಕಾಯ್ಡೋಸಿಸ್ (ಶ್ವಾಸಕೋಶ, ದುಗ್ಧಗ್ರಂಥಿ ಮುಂತಾದೆಡೆ ಉರಿಯೂತದ ಸಣ್ಣ ಗಂಟುಗಳೇಳುವ ಕಾಯಿಲೆ) ಎಂಬುದರ ಒಂದು ಸೌಮ್ಯ ರೂಪ. ಸ್ವೀಡನ್ನಿನ ವೈದ್ಯ ಸ್ವೆನ್ ಲೋಫ್‌ಗ್ರೆನ್ ಅವರ ಹೆಸರಿನಿಂದ ಕರೆಯುತ್ತಾರೆ, ಬಹುತೇಕ ತಾನಾಗಿಯೇ ಶಮನವಾಗುತ್ತದೆ. ಯುರೋಪಿನ ವೈದ್ಯರಿಗೆ ಇಷ್ಟೇ ಸಾಕು. ಇಲ್ಲಿ ಸಾಲದು, ಏಕೆಂದರೆ ಉಬ್ಬಿದ ಅದೇ ಗ್ರಂಥಿಗಳು ಕ್ಷಯದವೂ ಆಗಿರಬಹುದು, ಮತ್ತು ಸಾರ್ಕಾಯ್ಡ್ ಎಂದು ಸ್ಟೀರಾಯ್ಡ್ ಕೊಟ್ಟರೆ ಕ್ಷಯ ಮೈತುಂಬ ಹರಡುವ ಅಪಾಯವಿದೆ. ಒಂದೇ ಕಡೆಯ ಗ್ರಂಥಿ ಉಬ್ಬಿದ್ದರೆ ಕ್ಷಯದ ಅನುಮಾನ ಇನ್ನೂ ಗಟ್ಟಿ.

ಬಯಾಪ್ಸಿ, ಅಂದರೆ ಗಂಟಿನ ಚೂರು ತೆಗೆದು ಸೂಕ್ಷ್ಮದರ್ಶಕದಲ್ಲಿ ನೋಡುವುದು, ಎಲ್ಲರಿಗೂ ಬೇಡ. ಗಂಟು ಒಡೆದಿದ್ದರೆ, ಎಂಟು ವಾರ ದಾಟಿದ್ದರೆ, ಜಾಗ ವಿಚಿತ್ರವಾಗಿದ್ದರೆ ಬೇಕು. ಬೇಕಾದಾಗ ಹೊಸ ಗಂಟನ್ನು ಆರಿಸಿ, ಕೊಬ್ಬಿನ ಪದರ ಸೇರುವಷ್ಟು ಆಳವಾಗಿ ಕೊಯ್ದು ತೆಗೆಯಬೇಕು. ಮೇಲ್ಪದರವನ್ನಷ್ಟೇ ಪಂಚ್ ಮಾಡಿ ಕಳಿಸಿದ ಚೂರಿನಲ್ಲಿ ನಾವು ಹುಡುಕುವ ಗೋಡೆಗಳೇ ಇರುವುದಿಲ್ಲ, ವರದಿಯಲ್ಲಿ "ನಿರ್ದಿಷ್ಟವಾಗಿ ಹೇಳಲಾಗದು" ಎಂದು ಬರುತ್ತದೆ, ರೋಗಿಯ ಕಾಲಿಗೆ ಹೊಲಿಗೆಯ ಗುರುತು ಮಾತ್ರ ಉಳಿಯುತ್ತದೆ.

ಗಂಟಿಗೆ ಏನು ಮಾಡಬೇಕು

ಮೂಲ ಸಿಕ್ಕಿದ್ದರೆ ಅದಕ್ಕೆ ಚಿಕಿತ್ಸೆ, ಕಾರಣವಾದ ಮಾತ್ರೆ ಇದ್ದರೆ ಅದನ್ನು ಬರೆದ ವೈದ್ಯರಿಗೆ ತಿಳಿಸಿ ನಿಲ್ಲಿಸುವುದು. ಗಂಟಿಗಾಗಿ ಮಾಡುವ ಕೆಲಸಗಳಲ್ಲಿ ಹೆಚ್ಚು ಫಲ ಕೊಡುವುದು ಅತಿ ಅಗ್ಗದ್ದು: ಕಾಲನ್ನು ಎದೆಯ ಮಟ್ಟಕ್ಕಿಂತ ಮೇಲಿರುವಂತೆ ಎರಡು ದಿಂಬಿನ ಮೇಲಿಟ್ಟು ಮಲಗುವುದು, ಎದ್ದು ಓಡಾಡುವಾಗ ಕ್ರೇಪ್ ಬ್ಯಾಂಡೇಜ್ ಕಟ್ಟಿಕೊಳ್ಳುವುದು. ಬ್ಯಾಂಡೇಜನ್ನು ಬೆಳಿಗ್ಗೆ ಹಾಸಿಗೆಯಿಂದ ಏಳುವ ಮೊದಲೇ, ಬೆರಳುಗಳ ಬುಡದಿಂದ ಮೊಣಕಾಲಿನವರೆಗೆ ಸುತ್ತಬೇಕು. ಮಧ್ಯಾಹ್ನ ಕಾಲು ಊದಿದ ಮೇಲೆ ಕಟ್ಟಿದರೆ ಊತವನ್ನೇ ಕಟ್ಟಿ ಹಾಕಿದಂತೆ. ಎಣ್ಣೆ ಹಚ್ಚಿ ತಿಕ್ಕುವುದು ನೋವು ಹೆಚ್ಚಿಸುತ್ತದೆ.

ನೋವಿಗೆ ನ್ಯಾಪ್ರೊಕ್ಸೆನ್, ಇಂಡೊಮೆಥಾಸಿನ್‌ನಂಥ ಉರಿಯೂತ ತಗ್ಗಿಸುವ ಮಾತ್ರೆಗಳನ್ನು ವೈದ್ಯರು ಬರೆಯುತ್ತಾರೆ. ಹೊಟ್ಟೆಯ ಹುಣ್ಣು, ಮೂತ್ರಪಿಂಡದ ತೊಂದರೆ, ಕ್ರೋನ್ಸ್ ಇರುವವರಿಗೆ ಇವು ಸಲ್ಲವು. ಮಳೆಗಾಲದಲ್ಲಿ ಜ್ವರವೂ ಇದ್ದರೆ ಡೆಂಗಿ ಅಲ್ಲವೆಂದು ಖಚಿತಪಡಿಸಿಕೊಳ್ಳುವವರೆಗೆ ಇವನ್ನು ಮುಟ್ಟದೆ ಪ್ಯಾರಸಿಟಮಾಲ್‌ನಲ್ಲೇ ಇರುವುದು ಕ್ಷೇಮ. ಹಟಮಾರಿ ಗಂಟಿಗೆ ಪೊಟ್ಯಾಸಿಯಂ ಅಯೊಡೈಡ್ ಎಂಬ ಹಳೆಯ ಔಷಧ ಇಂದಿಗೂ ಕೆಲಸ ಮಾಡುತ್ತದೆ. ದೀರ್ಘಕಾಲ ಕೊಟ್ಟರೆ ಥೈರಾಯ್ಡ್ ಮಂದವಾಗುತ್ತದೆ, ಗರ್ಭಿಣಿಯರಿಗೆ ಕೊಡುವಂತಿಲ್ಲ.

ಸ್ಟೀರಾಯ್ಡ್ ವಿಷಯದಲ್ಲಿ ನನ್ನ ನಿಲುವು ಸ್ವಲ್ಪ ಬಿಗಿಯಾದದ್ದು. ಮೂರು ದಿನದಲ್ಲಿ ಗಂಟು ಇಳಿಸಿ ವೈದ್ಯರಿಗೆ ಹೆಸರು ತಂದುಕೊಡುವ ಮಾತ್ರೆ ಅದು. ಕ್ಷಯ, ಕುಷ್ಠ, ಇತರ ಸೋಂಕುಗಳು, ರಕ್ತದ ಕ್ಯಾನ್ಸರ್ ಇವಾವುವೂ ಇಲ್ಲವೆಂದು ತಿಳಿಯುವ ಮೊದಲೇ ಅದನ್ನು ಕೊಟ್ಟರೆ ಗಂಟು ಇಳಿಯುತ್ತದೆ, ರೋಗಿ ಮತ್ತೆ ಬರುವುದಿಲ್ಲ, ಮೂಲ ಒಳಗೇ ಬೆಳೆಯುತ್ತದೆ.

ಲೆಕ್ಕ ತಪ್ಪಿದಾಗ

ಹೊಸ ಗಂಟುಗಳು ಮೂರರಿಂದ ಆರು ವಾರ ಏಳಬಹುದು, ಎಂಟು ವಾರಗಳ ಹೊತ್ತಿಗೆ ಕಾಲು ಹಳೆಯ ಸ್ಥಿತಿಗೆ ಮರಳಬೇಕು. ಇದಕ್ಕೆ ಹೊಂದದ ಯಾವುದೇ ನಡೆ ಕಂಡರೆ ಮೊದಲ ತೀರ್ಮಾನವನ್ನು ಪಕ್ಕಕ್ಕಿಟ್ಟು ಬಯಾಪ್ಸಿಯಿಂದ ಮತ್ತೆ ಶುರು ಮಾಡಬೇಕು. ಉದಾಹರಣೆಗೆ ಗಂಟು ಒಡೆದು ಎಣ್ಣೆಯಂಥ ದ್ರವ ಸುರಿದರೆ ಮೇದೋಜೀರಕ ಗ್ರಂಥಿಯ ತೊಂದರೆಯನ್ನು ನೋಡಬೇಕು, ಜ್ವರ ಬಿಡದೆ ರಕ್ತಕಣಗಳು ಇಳಿಯುತ್ತಿದ್ದರೆ ಕೊಬ್ಬಿನ ಪದರದಲ್ಲೇ ಹುಟ್ಟುವ ಲಿಂಫೋಮಾ ಎಂಬ ಅಪರೂಪದ ಕ್ಯಾನ್ಸರನ್ನು ನೋಡಬೇಕು. ವರ್ಷಕ್ಕೊಮ್ಮೆ ಮರಳಿ ಬರುವವರಲ್ಲಿ ಪ್ರತಿ ಸಲವೂ ಗಂಟಲು, ಮಾತ್ರೆ, ಗರ್ಭ ಈ ಮೂರನ್ನು ಹೊಸದಾಗಿ ಕೇಳಬೇಕು. ಒಮ್ಮೆ ಗರ್ಭಿಣಿಯಾಗಿದ್ದಾಗ ಬಂದದ್ದು ಮುಂದಿನ ಬಸಿರಿನಲ್ಲೋ ಗರ್ಭನಿರೋಧಕ ಗುಳಿಗೆಯಿಂದಲೋ ಮತ್ತೆ ಬರಬಹುದು.

ಒಂದು ಸಂಗತಿಯನ್ನು ಮಾತ್ರ ಹೊಸ ದೋಷವೆಂದು ಎಣಿಸಬಾರದು. ಗಂಟುಗಳೆಲ್ಲ ಅಳಿಸಿಹೋದ ಮೇಲೂ ಪಾದದ ಕೀಲು ಮತ್ತು ಮೊಣಕಾಲುಗಳಲ್ಲಿ ಬೆಳಗಿನ ಬಿಗಿತ, ಮೆಟ್ಟಿಲು ಇಳಿಯುವಾಗಿನ ನೋವು ತಿಂಗಳುಗಟ್ಟಲೆ ಉಳಿಯುವುದುಂಟು. ಕೀಲುಗಳು ಇದರಿಂದ ಸವೆಯುವುದಿಲ್ಲ, ಸಂಧಿವಾತಕ್ಕೆ ತಿರುಗುವುದೂ ಇಲ್ಲ. ಅಂಗನವಾಡಿ ಕಾರ್ಯಕರ್ತೆ ಶ್ರಾವಣದಲ್ಲಿ ಮತ್ತೆ ಬಂದಾಗ ಕಾಲಿನಲ್ಲಿ ಗಂಟಿನ ಸುಳಿವೂ ಇರಲಿಲ್ಲ, ಆದರೆ ನೆಲದ ಮೇಲೆ ಕುಳಿತು ಮಕ್ಕಳಿಗೆ ಊಟ ಬಡಿಸಿ ಏಳುವಾಗ ಪಾದದ ಹತ್ತಿರ ಹಿಡಿದಂತಾಗುತ್ತದೆ ಎಂದರು. ಮೊಟಕಾದ ಮಣೆಯೊಂದರ ಮೇಲೆ ಕೂರಲು ಹೇಳಿ, ಯಾವ ಪರೀಕ್ಷೆಯನ್ನೂ ಬರೆಯದೆ ಕಳಿಸಿದೆ.